ಸಾರಥಿಯಿಲ್ಲದ ರಥ ಮತ್ತು ಹೊಣೆಯ ಹಂಚಿಕೆ

ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿಸಿ ಪಕ್ಕದ ಮುನಿರ್ಕಾದಲ್ಲಿ ಮೆಟ್ರೊ ಹತ್ತುವ ಕನ್ನಡಿಗರು ಏರುವುದು ಸಾರಥಿಯಿಲ್ಲದೆಯೂ ಓಡಬಲ್ಲ ರಥವನ್ನು. ಮೆಜೆಂಟಾ ಮಾರ್ಗದ ಈ ನಿಲ್ದಾಣ ತೆರೆದದ್ದು 2018ರ ಮೇ ತಿಂಗಳ ಕೊನೆಯಲ್ಲಿ. ದೇಶದ ಮೊದಲ ಚಾಲಕರಹಿತ ಸಂಚಾರ ಇದೇ ಮಾರ್ಗದ 37 ಕಿಲೋಮೀಟರ್‌ಗಳಲ್ಲಿ 2020ರ ಡಿಸೆಂಬರ್ 28ರಂದು ಆರಂಭವಾಯಿತು. ಅಲ್ಲಿ ಚಾಲಕನ ಕಣ್ಣು, ಕೈಗಳ ಕೆಲಸವನ್ನು ಮಾಡುವುದು ತಂತ್ರಾಂಶ.

ಈ ಮಾರ್ಗದ ಚರಿತ್ರೆ ಒಂದು ಅಪಶಕುನದೊಂದಿಗೆ ಮೊದಲಾಯಿತು. ಮೊದಲ ಹಂತದ ಉದ್ಘಾಟನೆಗೆ ಆರು ದಿನಗಳಿರುವಾಗ, 2017ರ ಡಿಸೆಂಬರ್ 19ರಂದು, ಕಾಲಿಂದಿ ಕುಂಜ್ ಡಿಪೋದಲ್ಲಿ ಖಾಲಿ ರೈಲೊಂದು ಗೋಡೆಯನ್ನು ಸೀಳಿ ಹೊರಬಂತು. ಯಾರಿಗೂ ಗಾಯವಾಗಲಿಲ್ಲ. ದೋಷ ತಂತ್ರಾಂಶದ್ದಲ್ಲ, ಬ್ರೇಕನ್ನು ಪರೀಕ್ಷಿಸದೆ ರೈಲನ್ನು ಚಾಲನೆಗೆ ಬಿಟ್ಟದ್ದೇ ಕಾರಣವೆಂದು ಪ್ರಾಥಮಿಕ ವಿಚಾರಣೆ ಹೇಳಿತು. ಸಿದ್ಧಪಡಿಸುವವನ ಕೈಯಿಂದ ನಡೆಸುವವನ ಕೈಗೆ ವಸ್ತು ದಾಟುವ ಆ ಗಳಿಗೆಯೇ ಅಪಾಯದ್ದು. 'ಇನ್ನೊಬ್ಬ ನೋಡಿರುತ್ತಾನೆ' ಎಂಬ ನಂಬಿಕೆ ಅಲ್ಲಿ ಹುಟ್ಟುತ್ತದೆ.

ತಂತ್ರಾಂಶದ ಇತಿಹಾಸವೂ ಈ ಗಳಿಗೆಯನ್ನು ಬಹುಕಾಲ ಎದುರಿಸಿದೆ. ತನ್ನ ಕ್ರಮವಿಧಿಯನ್ನು ತಾನೇ ಪರೀಕ್ಷಿಸುವವನಿಗೆ ತನ್ನ ತಪ್ಪು ಕಾಣದು ಎಂದು ಗ್ಲೆನ್‌ಫೋರ್ಡ್ ಮೈಯರ್ಸ್ 1979ರ ತಮ್ಮ ಗ್ರಂಥದಲ್ಲಿ ಎಚ್ಚರಿಸಿದರು. ಮಾತು ನಿಜ. ಆದರೆ ಅದರ ಅತಿರೇಕದಿಂದ ಅನೇಕ ಕಚೇರಿಗಳಲ್ಲಿ ಗೋಡೆಯೊಂದು ಎದ್ದಿತು: ಬರೆಯುವವರು ಆಚೆ, ಹುಡುಕುವವರು ಈಚೆ. ತಪ್ಪು ಉಳಿದರೆ ಪರೀಕ್ಷಕನೇ ಅಪರಾಧಿ. 1999ರಲ್ಲಿ ಕೆಂಟ್ ಬೆಕ್ ಪ್ರಚಾರಕ್ಕೆ ತಂದ ಪದ್ಧತಿ ಪರೀಕ್ಷೆಯನ್ನು ಮತ್ತೆ ಬರೆಯುವವನ ಮೇಜಿಗೇ ಮರಳಿಸಿತು. ಸಂಕೇತಕ್ಕಿಂತ ಮೊದಲು ಪರೀಕ್ಷೆಯನ್ನು ಬರೆ ಎಂದಿತು.

ರೈಲ್ವೆ ತಂತ್ರಾಂಶದ ಯುರೋಪಿಯನ್ ಮಾನದಂಡ ಎರಡನ್ನೂ ಉಳಿಸಿಕೊಂಡಿದೆ. ಜೀವರಕ್ಷಣೆಗೆ ಸಂಬಂಧಿಸಿದ ಭಾಗಗಳನ್ನು ಬರೆದವನು ಬೇರೆ, ದೃಢೀಕರಿಸುವವನು ಬೇರೆ. ಆದರೂ ಪ್ರತಿ ಹಂತದ ಪುರಾವೆಯನ್ನು ಆಯಾ ಹಂತದವರೇ ಒದಗಿಸಬೇಕು. ಹೀಗೆ ಸ್ವತಂತ್ರ ಪರಿಶೀಲನೆ ಬರೆಯುವವನ ಹೊಣೆಯನ್ನು ಇಳಿಸುವುದಿಲ್ಲ, ಅದಕ್ಕೆ ಎರಡನೆಯ ಹೆಗಲನ್ನು ಕೊಡುತ್ತದೆ.

2025ರ ಆಗಸ್ಟ್ 10ರಂದು ಬೆಂಗಳೂರಿನ ಹಳದಿ ಮಾರ್ಗವೂ ಚಾಲಕರಹಿತ ಸಂಚಾರಕ್ಕೆ ಸಜ್ಜಾದ ವ್ಯವಸ್ಥೆಯೊಡನೆ ತೆರೆಯಿತು. ಮುನಿರ್ಕಾದಲ್ಲಿ ಹತ್ತುವ ಮಗಳಿಗೂ ಬೊಮ್ಮಸಂದ್ರದಲ್ಲಿ ಇಳಿಯುವ ತಂದೆಗೂ ರೈಲಿನ ತಂತ್ರಾಂಶ ಬರೆದವರಾರು, ಪರೀಕ್ಷಿಸಿದವರಾರು ಎಂಬುದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆ ಇಬ್ಬರೂ ಹೊಣೆಯನ್ನು ಪರಸ್ಪರರ ಮೇಲೆ ಹೊರಿಸಿ ಮನೆಗೆ ಹೋಗದಿದ್ದರೆ ಸಾಕು.