ವಾಚ್‌ಮೆನ್: ಆ ಮುತ್ತಿನ ಫೋಟೊದಲ್ಲಿ ನಾವಿಕ ಎಲ್ಲಿ?

2009ರ ‘ವಾಚ್‌ಮೆನ್’ ನೋಡಿದ್ದೀರಾ? ಸೂಪರ್‌ಹೀರೊಗಳು ನಿಜವಾಗಿ ಇದ್ದಿದ್ರೆ ಅಮೆರಿಕದ ಇತಿಹಾಸ ಹೇಗಿರ್ತಿತ್ತು ಅನ್ನೋದೇ ಕತೆ. ಅಲ್ಲಿ ವಿಯೆಟ್ನಾಂ ಯುದ್ಧವನ್ನು ಅಮೆರಿಕ ಗೆದ್ದಿದೆ. ನಿಜದಲ್ಲಿ 1974ರಲ್ಲೇ ರಾಜೀನಾಮೆ ಕೊಟ್ಟ ನಿಕ್ಸನ್, ಅಲ್ಲಿ 1985ರಲ್ಲೂ ಅಧ್ಯಕ್ಷ. ಇದೆಲ್ಲ ಎದ್ದು ಕಾಣುತ್ತೆ. ನಾನು ಹೇಳೋದು ಟೈಟಲ್ಸ್‌ನಲ್ಲಿ ಕೆಲವೇ ಸೆಕೆಂಡ್ ಬರೋ ಒಂದು ಮುತ್ತಿನ ಬಗ್ಗೆ.

1945ರ ಆಗಸ್ಟ್ 14, ಜಪಾನ್ ಶರಣಾದ ಸುದ್ದಿ ಬಂದ ದಿನ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ನಾವಿಕನೊಬ್ಬ ಬಿಳಿ ಸಮವಸ್ತ್ರದ ಹೆಣ್ಣೊಬ್ಬಳನ್ನು ಬಾಗಿಸಿ ಹಿಡಿದು ಮುತ್ತಿಟ್ಟ. ಆಲ್ಫ್ರೆಡ್ ಐಸೆನ್‌ಸ್ಟಾಟ್ ತೆಗೆದ ಆ ಫೋಟೊ ‘ಲೈಫ್’ ಪತ್ರಿಕೆಯಲ್ಲಿ ಬಂತು. ಗೆಲುವಿನ ಸಂಭ್ರಮ ಅಂದ್ರೆ ಜಗತ್ತಿಗೆ ಇವತ್ತಿಗೂ ಅದೇ ಚಿತ್ರ.

ಸಿನಿಮಾದಲ್ಲಿ ನಾವಿಕನ ಜಾಗದಲ್ಲಿ ಸಿಲೂಯೆಟ್ ಇದ್ದಾಳೆ, ಸೂಪರ್‌ಹೀರೊಗಳ ಗುಂಪಿನ ಹೆಣ್ಣು. ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಆದ್ರೆ ಟೈಟಲ್ಸ್ ಮುಗಿಯೋದ್ರೊಳಗೆ ಅವಳೂ ಅವಳ ಸಂಗಾತಿಯೂ ಹಾಸಿಗೆಯಲ್ಲೇ ಕೊಲೆಯಾಗಿರ್ತಾರೆ, ಗೋಡೆ ಮೇಲೆ ರಕ್ತದಲ್ಲಿ ಬರೆದ ಬೈಗುಳ. ಯುದ್ಧದ ಫಲಿತಾಂಶವನ್ನೇ ಬದಲಿಸಿದ ಈ ಕತೆ, ಆ ದ್ವೇಷವನ್ನು ಮಾತ್ರ ಇದ್ದ ಹಾಗೇ ಉಳಿಸಿಕೊಂಡಿದೆ.

ಈಗ ಅಸಲಿ ಫೋಟೊಗೆ ವಾಪಸ್ ಬರೋಣ. ಅದರಲ್ಲಿರೋದು ತಾನೇ ಅಂದ ಗ್ರೇಟಾ ಝಿಮ್ಮರ್ ಫ್ರೀಡ್‌ಮನ್ ನರ್ಸ್ ಅಲ್ಲ, ದಂತವೈದ್ಯರ ಸಹಾಯಕಿ. ಆ ನಾವಿಕ ಯಾರು ಅಂತಾನೇ ಅವರಿಗೆ ಗೊತ್ತಿರಲಿಲ್ಲ. ಆ ಮುತ್ತು ತನ್ನ ಆಯ್ಕೆ ಆಗಿರಲಿಲ್ಲ ಅಂತ 2005ರ ಸಂದರ್ಶನವೊಂದರಲ್ಲಿ ಹೇಳಿದ್ರು. ಅಷ್ಟರಲ್ಲಿ 60 ವರ್ಷ ಕಳೆದಿತ್ತು. ಫೋಟೊ ಸಿಕ್ರೆ ಇನ್ನೊಮ್ಮೆ ನೋಡಿ: ನಮಗೆ ಕಾಣೋ ಅವರ ಕೈ ನಾವಿಕನ ಹೆಗಲ ಮೇಲಿಲ್ಲ, ಕೆಳಗೇ ಇದೆ.