ಕರಲು ನೆಲದ ಪುನರುಜ್ಜೀವನ

ಅನ್ನಕ್ಕೆ ಮೂಲವು ಮಣ್ಣು. ಆ ಮಣ್ಣೇ ಕೆಟ್ಟರೆ ಒಕ್ಕಲಿಗನ ಪರಿಶ್ರಮವೆಲ್ಲವೂ ನಿಷ್ಫಲವಾಗುವುದು. ಹೀಗೆ ಕೆಟ್ಟ ಭೂಮಿಯನ್ನು ಮರಳಿ ಬೆಳೆಗೆ ತಂದ ವೃತ್ತಾಂತಗಳಲ್ಲಿ ಉತ್ತರ ಹಿಂದೂಸ್ಥಾನದ ಕರ್ನಾಲ ಸೀಮೆಯದು ಸ್ಮರಣೀಯವಾಗಿದೆ.

ಯಮುನೆಯ ಪಶ್ಚಿಮ ಕಾಲುವೆಯು ಆ ಸೀಮೆಗೆ ನೀರನ್ನು ತಂದಿತು. ಅದರೊಡನೆ ಕೇಡೂ ಬಂದಿತು. ಅಂತರ್ಜಲವು ಮೇಲೇರಿ, ಲವಣವು ಹೊಲಗಳ ಮೇಲೆ ಬೆಳ್ಳಗೆ ಹರಡಿತು. 1855ರಲ್ಲಿ ಮುನಕ್ ಗ್ರಾಮದ ರೈತರು ಸರಕಾರಕ್ಕೆ ಮೊರೆಯಿಟ್ಟರು. ಈ ಲವಣಕ್ಕೆ ಅಲ್ಲಿಯವರು 'ರೇಹ್' ಎಂದೂ, ಬಂಜರು ನೆಲಕ್ಕೆ 'ಊಸರ' ಎಂದೂ ಹೇಳುವರು. ಕಾಲುವೆಗಿಂತ ಮೊದಲೇ ಕೆಟ್ಟಿದ್ದ ಊಸರವೂ ಆ ಪ್ರಾಂತಗಳಲ್ಲಿ ಬಹಳವಿತ್ತು. 1876ರಲ್ಲಿ ರೇಹ್ ಸಮಿತಿಯು ನೇಮಕವಾಯಿತು. ಆದರೂ ವಿಸ್ತಾರವಾದ ಭೂಮಿಯು ಸುಮಾರು ನೂರು ವರ್ಷ ಹಾಳುಬಿದ್ದೇ ಇದ್ದಿತು.

ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಳ್ಳುವುದೇ ಕರಲಿನ ಮೂಲ. ಅದರಿಂದ ಜೇಡಿಯು ಚದರಿ ರಂಧ್ರಗಳನ್ನು ಮುಚ್ಚುವುದು. ಮಳೆಯ ನೀರು ಇಂಗದೆ ಕೆಸರಾಗಿ ನಿಲ್ಲುವುದು. ಒಣಗಿದಾಗ ನೆಲವು ಕಲ್ಲಿನಂತಾಗುವುದು. ಜಿಪ್ಸಂ ಎಂಬ ಖನಿಜದಲ್ಲಿರುವ ಕ್ಯಾಲ್ಸಿಯಂ ಸೋಡಿಯಮ್ಮಿನ ಸ್ಥಾನವನ್ನು ಹಿಡಿಯುವುದು; ಹೊರಬಿದ್ದ ಸೋಡಿಯಂ ನೀರಿನಲ್ಲಿ ಕರಗಿ ಕೆಳಗಿಳಿಯುವುದು. ಕ್ಯಾಲಿಫೋರ್ನಿಯದಲ್ಲಿ ಹಿಲ್ಗಾರ್ಡ್ ಪಂಡಿತನು 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಈ ಚಿಕಿತ್ಸೆಯನ್ನು ಬೋಧಿಸಿದ್ದನು.

1969ರಲ್ಲಿ ಕರ್ನಾಲದಲ್ಲಿ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾಲಯವು ಸ್ಥಾಪಿತವಾಯಿತು. ಅದರ ಪ್ರಯೋಗಕ್ಷೇತ್ರದ ಮಣ್ಣಿನ ಪಿಎಚ್ ಅಂಕವೇ 10ನ್ನು ಮೀರಿತ್ತು. ಅಲ್ಲಿಯ ವಿದ್ವಾಂಸರು ರೂಢಿಗೆ ತಂದ ಕ್ರಮವು ಸರಳವಾದುದು. ಹೊಲವನ್ನು ಮಟ್ಟಮಾಡಿ ಬದುಗಳನ್ನು ಕಟ್ಟುವುದು. ಮಣ್ಣಿನ ಪರೀಕ್ಷೆಯಂತೆ ಹೆಕ್ಟೇರಿಗೆ 10ರಿಂದ 15 ಟನ್ನಿನಷ್ಟು ಜಿಪ್ಸಂ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸುವುದು. ಹತ್ತು ಹದಿನೈದು ದಿವಸ ನೀರು ನಿಲ್ಲಿಸುವುದು. ಬಳಿಕ ಬತ್ತವನ್ನು ನಾಟಿಮಾಡುವುದು. ಬತ್ತದ ಬೇರುಗಳೂ ನಿಂತ ನೀರೂ ಚಿಕಿತ್ಸೆಯನ್ನು ಮುಂದುವರಿಸುವುವು. ತರುವಾಯ ಗೋದಿ, ನಡುವೆ ಹಸಿರುಗೊಬ್ಬರಕ್ಕೆ ಡಯಾಂಚ. ಸರಕಾರಗಳು ಜಿಪ್ಸಮ್ಮಿನ ಬೆಲೆಯಲ್ಲಿ ಸಹಾಯವಿತ್ತವು. ಹೀಗೆ ಪಂಜಾಬ, ಹರಿಯಾಣ, ಉತ್ತರಪ್ರದೇಶಗಳೇ ಮುಂತಾದೆಡೆ ಸುಮಾರು 20 ಲಕ್ಷ ಹೆಕ್ಟೇರು ಭೂಮಿಯು ಸಾಗುವಳಿಗೆ ಮರಳಿತು.

ಕನ್ನಡಿಗರಿಗೆ ಈ ಚರಿತ್ರೆಯು ಪರಕೀಯವಲ್ಲ. 1953ರಿಂದ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಗಂಗಾವತಿ, ಸಿಂಧನೂರು ಸೀಮೆಗಳಲ್ಲಿಯೂ ಜೌಗು ಚೌಳುಗಳು ತಲೆದೋರಿದವು. ಲವಣಮಾತ್ರ ಹೆಚ್ಚಿದ ಚೌಳಿಗೆ ಜಿಪ್ಸಂ ಮದ್ದಲ್ಲ. ಅದಕ್ಕೆ ಬಸಿಗಾಲುವೆಯೇ ಬೇಕು. ಕರಲಿಗಾದರೂ ನೀರು ಬಸಿದುಹೋಗಲು ದಾರಿಯಿಲ್ಲದಿದ್ದರೆ ಹಾಕಿದ ಜಿಪ್ಸಂ ವ್ಯರ್ಥವೇ ಸರಿ. ಆದುದರಿಂದ ರೋಗವನ್ನರಿತು ಮದ್ದನ್ನಿಕ್ಕಬೇಕು. ಹೊಲಕ್ಕೆ ನೀರನ್ನು ತಂದವರು ಅದು ಹೊರಗೆ ಹೋಗುವ ಹಾದಿಯನ್ನೂ ತೋಡಬೇಕು. ಹಿರಿಯರು ಕೈಬಿಟ್ಟ ನೆಲವು ಮೊಮ್ಮಕ್ಕಳಿಗೆ ಅನ್ನವನ್ನಿತ್ತುದನ್ನು ನೆನೆದು, ಯಾವ ಮಣ್ಣನ್ನೂ ಸತ್ತಿತೆಂದು ತಿಳಿಯದಿರೋಣ.