ಕೆರವಿನ ಹಾದಿ

ಬಿಸಿಲ ನಾಡಿನಲ್ಲಿ ದಾರಿ ನಡೆಯುವವನಿಗೆ ಬುತ್ತಿಯಷ್ಟೇ ಅಗತ್ಯವಾದದ್ದು ಕಾಲ ಜೋಡು. ಹಳಗನ್ನಡದ ಕೆರ್ಪು ಎಂಬ ಮಾತೇ ಮುಂದೆ ಕೆರವು, ಕೆರ ಎಂದಾಯಿತು. ತಮಿಳಿನ ಚೆರುಪ್ಪು, ತೆಲುಗಿನ ಚೆಪ್ಪು ಇದರ ದಾಯಾದಿಗಳು. ವಸ್ತುವಿನ ಪ್ರಾಚೀನತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಬೌದ್ಧರ ವಿನಯಪಿಟಕದಲ್ಲಿ ಸ್ವಾರಸ್ಯವಾದ ಪ್ರಸಂಗವೊಂದಿದೆ. ಬುದ್ಧನು ಭಿಕ್ಷುಗಳಿಗೆ ಒಂದೇ ಪದರದ ಕೆರವನ್ನು ವಿಧಿಸಿದ್ದನು. ಅವಂತಿ ದಕ್ಷಿಣಾಪಥದಿಂದ ಬಂದ ಸೋಣನೆಂಬ ಭಿಕ್ಷು, ತಮ್ಮ ಸೀಮೆಯ ನೆಲ ಕಪ್ಪು, ಒರಟು, ದನಗಳ ಗೊರಸು ತುಳಿದು ಗಡುಸಾದದ್ದು ಎಂಬ ತನ್ನ ಗುರುವಿನ ಬಿನ್ನಹವನ್ನು ಅರಿಕೆ ಮಾಡಿದನು. ಅಂಥಲ್ಲಿ ಹಲವು ಪದರದ ಕೆರವು ಸಲ್ಲುವುದೆಂದು ಅಪ್ಪಣೆಯಾಯಿತು. ನೆಲ ನೋಡಿ ಕೆರವು ಆರಿಸುವ ವಿವೇಕ ಅಷ್ಟು ಹಳೆಯದು.

ಅಥಣಿಯ ಸುತ್ತಿನ ಎರೆಸೀಮೆಯಲ್ಲಿ ಆ ವಿವೇಕ ಇನ್ನೂ ಉಳಿದಿದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ಮೊಳೆ ಹೊಡೆಯದೆ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಹೊಸದು ಕಚ್ಚುತ್ತದೆ, ಎಣ್ಣೆ ಸವರಿ ಮೆಟ್ಟಿದರೆ ಕಾಲಿಗೆ ಒಗ್ಗಿ ವರ್ಷಗಟ್ಟಲೆ ಬಾಳುತ್ತದೆ.

ಕಾಲು ಕಾದವನನ್ನು ನಾಡು ಹೇಗೆ ಕಂಡಿತು? ೧೨ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನು ಮಗಳನ್ನು ಕೊಟ್ಟನು. ಅದಕ್ಕಾಗಿ ಇಬ್ಬರು ತಂದೆಯರೂ ಎಳೆಹೂಟೆಗೆ ಗುರಿಯಾದರೆಂದು ಶರಣಪರಂಪರೆ ಹೇಳುತ್ತದೆ.

‘ಕೊಲ್ಹಾಪುರಿ’ ಎಂಬ ಹೆಸರಿನ ಹಕ್ಕಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲು ದೊರೆತದ್ದು ೨೦೧೯ರಲ್ಲಿ. ೨೦೨೫ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದೇ ಮಾಟದ ಕೆರವನ್ನು ಮಿಲಾನಿನಲ್ಲಿ ಮೆರೆಸಿತು. ಅದು ಯಾರ ಕೈಕೆಲಸವೆಂದು ಒಪ್ಪಿದ್ದು, ಆಕ್ಷೇಪಗಳು ಎದ್ದ ಮೇಲೆ.